ಟ್ರೀ ಫರ್ನ್ ಗರಿಗಳೆಲ್ಲ ಕಂದಾಗಿವೆ, ಗಿಡ ಸತ್ತೋಯ್ತಾ?

ಪ್ರಶ್ನೆ: ತುಂಬ ಚಳಿ ಬೀಳೋ ಊರು ನಮ್ದು. ಹೋದ ಬೇಸಿಗೇಲಿ ನೆಟ್ಟ ಟ್ರೀ ಫರ್ನ್ (ಮರದಂಗೆ ಕಾಂಡ ಬಿಡೋ ಜರೀಗಿಡ) ಗರಿಗಳೆಲ್ಲ ಈ ಚಳಿಗಾಲ ಮುಗಿಯೋಷ್ಟರಲ್ಲಿ ಒಣಗಿ ಜೋತುಬಿದ್ದಿವೆ. ಕಿತ್ತು ಬಿಸಾಕ್ಲಾ?

ಈಗ್ಲೇ ಕೀಳೋಕೆ ಹೋಗ್ಬೇಡಿ. ಗರಿ ಹೋದ ಮಾತ್ರಕ್ಕೆ ಗಿಡ ಹೋಯ್ತು ಅಂತಲ್ಲ, ನೋಡ್ಬೇಕಾಗಿರೋದು ಸುಳಿ. ತೆಂಗಿನ ಮರದ ಥರಾನೇ ಇದಕ್ಕೂ ಜೀವ ಇರೋದು ತುದೀಲಿ, ಸುಳಿ ಸತ್ರೆ ಪಕ್ಕದಿಂದ ಚಿಗುರೋ ಬುದ್ಧಿ ಡಿಕ್ಸೋನಿಯಾ ಅಂಟಾರ್ಕ್ಟಿಕಾ ಅನ್ನೋ ಟ್ರೀ ಫರ್ನ್ ಜಾತಿಗಿಲ್ಲ (ಚಳಿ ದೇಶಗಳ ನರ್ಸರೀಲಿ ಜಾಸ್ತಿ ಸಿಗೋದು ಇದೇ, ಆಸ್ಟ್ರೇಲಿಯಾದ ಆಗ್ನೇಯ ಭಾಗ, ಟಾಸ್ಮೇನಿಯಾ ಕಡೇದು). ಸುಳಿಯೊಳಗೆ ಮೆಲ್ಲಗೆ ಬೆರಳಿಟ್ಟು ನೋಡಿ. ಕಂದು ರೋಮ ಮುಚ್ಕೊಂಡಿರೋ ಸುರುಳಿ ಮೊಗ್ಗುಗಳು ಮುಷ್ಟಿ ಬಿಗಿಹಿಡಿದಂಗೆ ಗಟ್ಟಿಯಾಗಿ ಸಿಕ್ರೆ ಜೀವ ಇದೆ. ಮೆತ್ತಗೆ ಪಿಚಪಿಚ ಅಂದು ಕೊಳೆತ ವಾಸನೆ ಬಂದ್ರೆ ಕಷ್ಟ.

ಗಟ್ಟಿಯಾಗಿದ್ರೆ ಇನ್ನು ನೀರಿನ ಕೆಲಸ, ಜನ ಎಡವೋದೇ ಇಲ್ಲಿ, ಯಾಕಂದ್ರೆ ಬುಡಕ್ಕಷ್ಟೇ ಸುರಿದು ಸುಮ್ನಾಗ್ತಾರೆ, ಆದ್ರೆ ಕಾಂಡ ಅಂತ ಕಾಣೋದು ಬಹುಪಾಲು ಹೆಣೆದುಕೊಂಡಿರೋ ಬೇರೇನೇ, ಅದೇ ನೀರು ಹೀರೋದು, ಅದ್ರಲ್ಲೂ ಬುಡದಲ್ಲಿ ಬೇರಿಲ್ಲದ ಬರೀ ಕಾಂಡದ ತುಂಡು ತಂದು ನೆಟ್ಟಿದ್ರೆ ಮಣ್ಣಿಗೆ ಬೇರಿಳಿಯೋವರೆಗೂ ಕಾಂಡ ಒಣಗೋಕೆ ಬಿಡ್ಲೇಬಾರದು. ಫ್ರಾಸ್ಟ್ (ಇಬ್ಬನಿ ಹೆಪ್ಪುಗಟ್ಟೋ ಚಳಿ) ಕಾಲ ಪೂರ್ತಿ ಮುಗಿದ್ಮೇಲೆ ಮೇಲಿಂದ ಕೆಳಗಿನವರೆಗೂ ಕಾಂಡ ನೆನೆಯೋ ಹಾಗೆ ಪೈಪ್ ಹಿಡೀರಿ, ಬಿಸಿಲು ಜೋರಿದ್ರೆ ದಿನಾ. ಒಣಗಿದ ಗರಿ ಕತ್ತರಿಸೋದೂ ಆವಾಗ್ಲೇ, ಅಲ್ಲೀವರೆಗೆ ಅವು ಕಾಂಡಕ್ಕೆ ಹೊದಿಕೆ ಇದ್ದಂಗೆ.

ಮುಂದಿನ ಚಳಿಗೆ ಮುಂಚೇನೇ ರೆಡಿಯಾಗಿ. ಮೈನಸ್ 5 ಡಿಗ್ರಿ ಸುತ್ತಮುತ್ತ ಒಂದೆರಡು ರಾತ್ರಿ ಬಂದೋದ್ರೆ ತಡ್ಕೊಳ್ಳತ್ತೆ, ದಿನಗಟ್ಟಲೆ ಅದೇ ಚಳಿ ನಿಂತ್ರೆ ಸುಳಿಗೆ ಅಪಾಯ. ಸುಳಿಯೊಳಗೆ ಒಂದು ಹಿಡಿ ಒಣಹುಲ್ಲು ತುರುಕಿ, ಗರಿಗಳನ್ನ ಅದ್ರ ಮೇಲೆ ಬಗ್ಗಿಸಿ ಕಟ್ಟಿ, ಕಾಂಡಕ್ಕೆ ಗಾಳಿಯಾಡೋ ಬಟ್ಟೆ ಸುತ್ತಿ. ಪ್ಲಾಸ್ಟಿಕ್ ಬೇಡವೇ ಬೇಡ, ಒಳಗೆ ಬೆವರಿ ಕೊಳೆಯತ್ತೆ. ಕುಂಡದಲ್ಲಿದ್ರೆ ಈ ಸರ್ಕಸ್ಸೇ ಬೇಡ, ಒಳಗಿಟ್ಬಿಡಿ.

ಹಾಂ, ಲೇಬಲ್ ಒಮ್ಮೆ ನೋಡ್ಕೊಳ್ಳಿ. ಸಯಾಥಿಯಾ ಕೂಪರಿ ಅಂತಿದ್ರೆ ಅದು ಬೇರೆ ಜಾತಿ ಟ್ರೀ ಫರ್ನ್, ಚಳಿಗೆ ಇನ್ನೂ ನಾಜೂಕು, ಬೇಗ ಬೆಳೆಯತ್ತೆ ಅಂತ ಮಾರ್ತಾರೆ, ಫ್ರಾಸ್ಟ್ ಬೀಳೋ ತೋಟಕ್ಕೆ ನಾನಂತೂ ಹಾಕಲ್ಲ. ಡಿಕ್ಸೋನಿಯಾ ಕಾಂಡ ವರ್ಷಕ್ಕೆ 3-5 ಸೆಂಟಿಮೀಟರ್ ಬೆಳೆದ್ರೆ ಹೆಚ್ಚು, ಅಂದ್ರೆ ಒಂದು ಮೀಟರ್ ಕಾಂಡ ಇದೆ ಅಂದ್ರೆ ಇಪ್ಪತ್ತು ವರ್ಷಕ್ಕೆ ಮೇಲ್ಪಟ್ಟ ಗಿಡ, ಅವಸರದಲ್ಲಿ ಬಿಸಾಕೋದಲ್ಲ. ನಡುಬೇಸಿಗೆವರೆಗೆ ಕಾಯಿರಿ. ಆಗ್ಲೂ ಒಂದು ಸುರುಳಿನೂ ಬಿಚ್ಚದೆ ಸುಳಿ ಕೊಳೆತಿದ್ರೆ ಆಸೆ ಬಿಡಿ, ಆದ್ರೆ ಕಾಂಡ ಮಾತ್ರ ಇಟ್ಕೊಳ್ಳಿ, ಅದ್ರ ಮೇಲೆ ಆರ್ಕಿಡ್ ಕಟ್ಟಿದ್ರೆ ಚೆನ್ನಾಗಿ ಬೇರು ಹಿಡಿಯತ್ತೆ.