ಕೊಳೆರೋಗ ಶಿಲೀಂಧ್ರವಲ್ಲ, ಗಂಟುರೋಗ ಶಿಲೀಂಧ್ರದ ನೆಂಟ: ಡಿಎನ್‌ಎ ಹಿಡಿದು ಪ್ರೋಟಿಸ್ಟ್‌ಗಳ ನಂಟು ಹುಡುಕುವುದು

ಪ್ರೋಟಿಸ್ಟ್ ಪಾಠ ಓದುವಾಗ ಹೆಸರುಗಳನ್ನು ಹೇಗೋ ಬಾಯಿಪಾಠ ಮಾಡಬಹುದು. ತಲೆ ಕೆಡುವುದು ಬೇರೆ ಕಡೆ. ಒಂದು ಪುಸ್ತಕದಲ್ಲಿ ಶಿಲೀಂಧ್ರ ಎಂದಿರುವುದು ಇನ್ನೊಂದರಲ್ಲಿ ಪಾಚಿಯ ನೆಂಟ ಆಗಿರುತ್ತದೆ. ಒಂದರಲ್ಲಿ ವಂಶವೃಕ್ಷದ ಬುಡದಲ್ಲಿದ್ದ ಜೀವಿ ಇನ್ನೊಂದರಲ್ಲಿ ಕೊಂಬೆಯ ತುದಿಗೆ ಹೋಗಿರುತ್ತದೆ. ಅಚ್ಚಿನ ತಪ್ಪು ಅಂದುಕೊಂಡು ನಾನು ಒಂದು ಕಡೆ ಪೆನ್ಸಿಲ್‌ನಲ್ಲಿ ತಿದ್ದಿಯೂ ಇದ್ದೆ! ಆಮೇಲೆ ಗೊತ್ತಾಯಿತು, ಆ ಎರಡು ಪುಸ್ತಕಗಳ ನಡುವೆ ಡಿಎನ್‌ಎ ಓದುವುದು ಶುರುವಾಗಿತ್ತು.

ಮೊದಲೇ ಒಂದು ಮಾತು. ಪ್ರೋಟಿಸ್ಟ್ ಅನ್ನುವುದು ಒಂದು ಮನೆತನದ ಹೆಸರಲ್ಲ. ಕೋಶಕೇಂದ್ರ ಇರುವ ಜೀವಿಗಳಲ್ಲಿ ಪ್ರಾಣಿ, ಗಿಡ, ಶಿಲೀಂಧ್ರ ಬಿಟ್ಟು ಉಳಿದವೆಲ್ಲ ಇದರಲ್ಲಿ ಸೇರುತ್ತವೆ. ಹೆಚ್ಚಿನವು ಒಂದೇ ಕೋಶದವು. ಸರ್ಕಾರಿ ಅರ್ಜಿಯಲ್ಲಿ ಕೊನೆಗೆ 'ಇತರೆ' ಅಂತ ಒಂದು ಕಾಲಂ ಇರುತ್ತದಲ್ಲ, ಹಾಗೆ. 1866ರಲ್ಲಿ ಅರ್ನ್ಸ್ಟ್ ಹೆಕೆಲ್ 'ಪ್ರೋಟಿಸ್ಟಾ' ಎಂಬ ಹೆಸರು ಕೊಟ್ಟಾಗ ಕೈಯಲ್ಲಿದ್ದದ್ದು ಸೂಕ್ಷ್ಮದರ್ಶಕ ಮಾತ್ರ. ಆಕಾರ ನೋಡಿ ಗುಂಪು ಮಾಡಬೇಕಿತ್ತು.

ಆಕಾರ ಹೇಗೆ ಮೋಸ ಮಾಡುತ್ತದೆ ಎನ್ನುವುದಕ್ಕೆ ನಮ್ಮ ಕಡೆಯ ಎರಡು ರೋಗಗಳನ್ನೇ ತೆಗೆದುಕೊಳ್ಳೋಣ.

ಅಡಿಕೆಯ ಕೊಳೆರೋಗ

ಮಳೆ ಹಿಡಿದುಕೊಂಡರೆ ಅಡಿಕೆ ತೋಟದವರಿಗೆ ಇದರದ್ದೇ ಚಿಂತೆ. ಎಳೆ ಕಾಯಿ ಕೊಳೆತು ಉದುರುತ್ತದೆ, ಮೇಲೆ ಬಿಳಿ ಬೂಸ್ಟು ಕೂರುತ್ತದೆ. ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ಹೊಡೆಯುತ್ತಾರೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ವಿವರವಾಗಿ ಬರೆದರು. ಇಂಗ್ಲಿಷ್ ಬರಹದಲ್ಲೂ ಅದಕ್ಕೆ 'ಕೊಳೆರೋಗ' ಎಂಬ ನಮ್ಮ ಹೆಸರೇ ಉಳಿಯಿತು.

ಕಾರಣ ಫೈಟೋಫ್ಥೋರಾ. ಬಿಳಿ ಎಳೆ, ಬೂಸ್ಟಿನ ಹಾಗೆ ಹಬ್ಬುವುದು, ಬೀಜಾಣು ಬಿಡುವುದು: ನೋಡಿದವರು ಶಿಲೀಂಧ್ರ ಅನ್ನದೆ ಇನ್ನೇನು ಅಂದಾರು? ಆದರೆ ಎರಡು ವಿಷಯ ಹೊಂದುತ್ತಿರಲಿಲ್ಲ. ಶಿಲೀಂಧ್ರದ ಕೋಶಗೋಡೆಯಲ್ಲಿ ಕೈಟಿನ್ ಇರುತ್ತದೆ, ಇದರ ಗೋಡೆಯಲ್ಲಿ ಸೆಲ್ಯುಲೋಸ್. ಮತ್ತೆ ಇದರ ಬೀಜಾಣು ನೀರಿನಲ್ಲಿ ಎರಡು ಚಾವಟಿ ಬೀಸುತ್ತ ಈಜುತ್ತದೆ, ಒಂಟಿ ಕೋಶವಾಗಿ. 1987ರಲ್ಲಿ ಈ ಬಳಗದ, ಅಂದರೆ ಊಮೈಸೀಟ್‌ಗಳ, ಒಂದು ಜೀನ್ ಓದಿ ಹೋಲಿಸಿದಾಗ ಅದು ಶಿಲೀಂಧ್ರದ ಹತ್ತಿರ ಬರಲೇ ಇಲ್ಲ. ಹೊಂಬಣ್ಣದ ಪಾಚಿಯ ಪಕ್ಕ ಹೋಗಿ ಕೂತಿತು. ಇವತ್ತು ಡಯಾಟಮ್ (ಗಾಜಿನಂಥ ಚಿಪ್ಪಿನ ಒಂಟಿಕೋಶದ ಪಾಚಿ), ಸಮುದ್ರದ ಕಂದು ಪಾಚಿ, ಫೈಟೋಫ್ಥೋರಾ ಎಲ್ಲವನ್ನೂ ಸ್ಟ್ರಾಮೆನೊಪೈಲ್ ಎಂಬ ಒಂದೇ ಗುಂಪಿನಲ್ಲಿ ಇಡುತ್ತಾರೆ.

ಇದು ಬರೀ ಹೆಸರಿನ ಜಗಳ ಅಲ್ಲ. ಎಷ್ಟೋ ಶಿಲೀಂಧ್ರನಾಶಕಗಳು ಶಿಲೀಂಧ್ರದ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವಿನ ತಯಾರಿಯನ್ನು ತಡೆದು ಕೊಲ್ಲುತ್ತವೆ. ಫೈಟೋಫ್ಥೋರಾ ಅದನ್ನು ತಯಾರಿಸುವುದೇ ಇಲ್ಲ, ಹಾಗಾಗಿ ಅವು ಇದರ ಮುಂದೆ ದಂಡ. ಮೈಲುತುತ್ತದಲ್ಲಿರುವ ತಾಮ್ರ ಮಾತ್ರ ಇಬ್ಬರಿಗೂ ವಿಷ. (ಕಾಫಿಯ ಕೊಳೆರೋಗ ಬೇರೆ. ಅದು ನಿಜವಾದ ಶಿಲೀಂಧ್ರವೇ. ಅದರ ಒಂದು ವೈಜ್ಞಾನಿಕ ಹೆಸರಿನಲ್ಲೂ 'ಕೊಳೆರೋಗ' ಅಂತಲೇ ಇದೆ. ಪರೀಕ್ಷೆಯಲ್ಲಿ ಎರಡನ್ನೂ ಕಲಸಬೇಡಿ.)

ಜೀನ್ ಓದಿ ನಂಟು ಹೇಳುವುದು ಹೇಗೆ

ಹಳೆಯ ಕಾವ್ಯವೊಂದರ ಹತ್ತು ಓಲೆಗರಿ ಪ್ರತಿಗಳು ಸಿಕ್ಕಿವೆ ಅಂದುಕೊಳ್ಳಿ. ಯಾವುದು ಯಾವುದನ್ನು ನೋಡಿ ಬರೆದದ್ದು? ಸಂಪಾದಕರು ತಪ್ಪುಗಳನ್ನು ನೋಡುತ್ತಾರೆ. ಮೂರು ಪ್ರತಿಗಳಲ್ಲಿ ಒಂದೇ ಜಾಗದಲ್ಲಿ ಅದೇ ಅಕ್ಷರ ತಪ್ಪಿದ್ದರೆ, ಆ ಮೂರಕ್ಕೂ ಮೂಲ ಒಂದೇ ಇರಬೇಕು. ಡಿಎನ್‌ಎಯಲ್ಲೂ ಲೆಕ್ಕ ಇದೇ. ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರ. ತಲೆಮಾರಿನಿಂದ ತಲೆಮಾರಿಗೆ ನಕಲಾಗುವಾಗ ಆಗೊಮ್ಮೆ ಈಗೊಮ್ಮೆ ಒಂದು ಅಕ್ಷರ ಬದಲಾಗುತ್ತದೆ. ಹಂಚಿಕೊಂಡ ಬದಲಾವಣೆ ನಂಟಿನ ಗುರುತು.

ಇದಕ್ಕೆ ಎಲ್ಲರ ಹತ್ತಿರವೂ ಇರುವ 'ಕಾವ್ಯ' ಬೇಕಲ್ಲ? ಅದೇ ರೈಬೋಸೋಮಿನ ಆರ್‌ಎನ್‌ಎ ಜೀನ್. ಪ್ರೋಟೀನ್ ಕಟ್ಟುವ ರೈಬೋಸೋಮ್ ಇಲ್ಲದೆ ಯಾವ ಕೋಶವೂ ಬದುಕುವುದಿಲ್ಲ. ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ಈ ಆರ್‌ಎನ್‌ಎ ಹೋಲಿಸಿಯೇ, ನೋಡಲು ಬ್ಯಾಕ್ಟೀರಿಯಾದ ಹಾಗೇ ಇರುವ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳನ್ನು ಬ್ಯಾಕ್ಟೀರಿಯಾದಿಂದ ಬೇರೆ ಮಾಡಿದ್ದು. ಪ್ರೋಟಿಸ್ಟ್‌ಗಳಲ್ಲಿ ಹೆಚ್ಚಾಗಿ ಬಳಸುವುದು 18ಎಸ್ ಎಂಬ ಜೀನ್, ಸುಮಾರು 1800 ಅಕ್ಷರ ಉದ್ದ. ಇದರಲ್ಲಿ ಕೆಲವು ತುಣುಕು ಕೋಟಿಗಟ್ಟಲೆ ವರ್ಷ ಕಳೆದರೂ ಅಲುಗಿಲ್ಲ. ಪಿಸಿಆರ್ ಮಾಡುವಾಗ, ಅಂದರೆ ಬೇಕಾದ ಡಿಎನ್‌ಎ ತುಣುಕಿನ ಲಕ್ಷಗಟ್ಟಲೆ ನಕಲು ತೆಗೆಯುವಾಗ, ನಕಲು ಶುರುವಾಗುವ ಜಾಗ ಹಿಡಿಯುವ ಪುಟ್ಟ ಡಿಎನ್‌ಎ ಚೂರು, ಪ್ರೈಮರ್, ಹೋಗಿ ಅಂಟಿಕೊಳ್ಳುವುದು ಅಂಥಲ್ಲಿ. ನಡುನಡುವೆ ಬೇಗ ಬದಲಾಗುವ ತುಣುಕುಗಳೂ ಇವೆ. ವಿ4, ವಿ9 ಅಂತ ಪದೇ ಪದೇ ಓದುತ್ತೀರಲ್ಲ, ಅವೇ. ಹತ್ತಿರದ ನೆಂಟರ ನಡುವೆ ವ್ಯತ್ಯಾಸ ಕಾಣುವುದು ಅಲ್ಲಿ.

ರೇಷ್ಮೆಹುಳುವಿನ ಗಂಟುರೋಗ

ಇಷ್ಟು ಕಲಿತ ಮೇಲೆ 'ಹಾಗಾದರೆ ಡಿಎನ್‌ಎ ಹೇಳಿದ್ದೇ ಕೊನೆಯ ಮಾತು' ಅನ್ನಿಸುತ್ತದೆ. ಅಲ್ಲೇ ಎಡವುವುದು. ನನ್ನ ಪ್ರಕಾರ ಈ ಇಡೀ ಪಾಠದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದೊಂದೇ.

ಗಂಟುರೋಗಕ್ಕೆ ಕಾರಣ ನೊಸೀಮಾ ಬಾಂಬಿಸಿಸ್. 1860ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ಬೆಳೆಯನ್ನು ಇದು ನೆಲಕಚ್ಚಿಸಿತ್ತು. ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಹೋಗುತ್ತದೆ. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಬೀಜಾಣು ಕಂಡರೆ ಆ ಮೊಟ್ಟೆಗಳನ್ನು ನಾಶಮಾಡಿ ಅಂತ ಲೂಯಿ ಪಾಶ್ಚರ್ ಹೇಳಿಕೊಟ್ಟರು. ನಮ್ಮ ಬಿತ್ತನೆ ಕೋಠಿಗಳಲ್ಲಿ ಇವತ್ತೂ ಚಿಟ್ಟೆ ಪರೀಕ್ಷೆ ನಡೆಯುವುದು ಇದೇ ದಾರಿಯಲ್ಲಿ.

ನೊಸೀಮಾ ಸೇರುವುದು ಮೈಕ್ರೊಸ್ಪೊರಿಡಿಯಾ ಎಂಬ ಗುಂಪಿಗೆ. ಎಲ್ಲವೂ ಬೇರೆಯವರ ಕೋಶದೊಳಗೆ ಹೊಕ್ಕು ಬದುಕುವ ಪರಾವಲಂಬಿಗಳು. ಇವುಗಳಲ್ಲಿ ಕೋಶಕ್ಕೆ ಶಕ್ತಿ ಒದಗಿಸುವ ಅಂಗವಾದ ಮೈಟೊಕಾಂಡ್ರಿಯಾ ಕಾಣಿಸುತ್ತಿರಲಿಲ್ಲ. ಹೊಟ್ಟೆ ಕೆಡಿಸುವ ಜಿಯಾರ್ಡಿಯಾದಲ್ಲೂ ಇಲ್ಲ, ಆಮಶಂಕೆಯ ಎಂಟಮೀಬಾದಲ್ಲೂ ಇಲ್ಲ. 1983ರಲ್ಲಿ ಟಾಮ್ ಕ್ಯಾವಲಿಯರ್-ಸ್ಮಿತ್ ಒಂದು ಚಂದದ ಊಹೆ ಮುಂದಿಟ್ಟರು. ಮೈಟೊಕಾಂಡ್ರಿಯಾ ಮೂಲದಲ್ಲಿ ನುಂಗಿದ ಬ್ಯಾಕ್ಟೀರಿಯಾ ತಾನೆ? ಅದನ್ನು ನುಂಗುವ ಮೊದಲೇ ಬೇರೆಯಾದ ಕೆಲವು ಪುರಾತನ ಕೋಶಗಳ ಸಂತತಿ ಇವತ್ತಿಗೂ ಉಳಿದಿರಬಹುದು. ಅವಕ್ಕೆ ಆರ್ಕಿಜೋವಾ ಅಂತ ಹೆಸರಿಟ್ಟರು.

ರೈಬೋಸೋಮಿನ ಜೀನ್ ನೋಡಿದರೆ ಅದೂ ಹೌದು ಅಂದಿತು! 1987ರಲ್ಲಿ ಮೈಕ್ರೊಸ್ಪೊರಿಡಿಯಾ, 1989ರಲ್ಲಿ ಜಿಯಾರ್ಡಿಯಾ, ಎರಡೂ ವಂಶವೃಕ್ಷದ ಬುಡದಲ್ಲೇ ಬಂದವು. ಊಹೆಗೂ ಡಿಎನ್‌ಎಗೂ ತಾಳೆಯಾಯಿತು. ಪುಸ್ತಕಕ್ಕೆ ಹೋಯಿತು.

ಆದರೆ ತಪ್ಪಾಗಿತ್ತು.

ಓಲೆಗರಿಗೇ ವಾಪಸ್ ಬನ್ನಿ. ಇಬ್ಬರು ಲಿಪಿಕಾರರು ತುಂಬ ಅಜಾಗರೂಕರು, ಸಾಲುಸಾಲಿಗೂ ತಪ್ಪು. ಒಬ್ಬರನ್ನೊಬ್ಬರು ನೋಡಿಲ್ಲ. ಆದರೂ ಇಬ್ಬರ ತಪ್ಪುಗಳು ಅಲ್ಲಲ್ಲಿ ಸುಮ್ನೆ ಆಕಸ್ಮಿಕವಾಗಿ ಒಂದೇ ಆಗಿಬಿಡುತ್ತವೆ. ಡಿಎನ್‌ಎಯಲ್ಲಂತೂ ಇರುವುದೇ ನಾಲ್ಕು ಅಕ್ಷರ, ಕಾಕತಾಳೀಯ ಜಾಸ್ತಿ. ತಪ್ಪು ಎಣಿಸುವ ಸಂಪಾದಕ 'ಇಬ್ಬರ ಮೂಲವೂ ಒಂದೇ' ಅನ್ನುತ್ತಾನೆ. ಬೇಗ ಬೇಗ ಬದಲಾಗುವ ಜೀವಿಗಳು ಮರದಲ್ಲಿ ಉದ್ದ ಕೊಂಬೆಯಾಗಿ ಕಾಣುತ್ತವೆ. ಉದ್ದ ಕೊಂಬೆಗಳು ಹೀಗೆ ಒಂದನ್ನೊಂದು ಸೆಳೆದುಕೊಳ್ಳುವ ದೋಷವನ್ನು ಜೋಸೆಫ್ ಫೆಲ್ಸೆನ್‌ಸ್ಟೈನ್ 1978ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಮರದ ಬುಡ ಗುರುತಿಸಲು ಹೋಲಿಕೆಗೆ ಇಡುವ ಬ್ಯಾಕ್ಟೀರಿಯಾ, ಆರ್ಕಿಯಾಗಳದ್ದೂ ಉದ್ದ ಕೊಂಬೆಯೇ. ಅದು ಪರಾವಲಂಬಿಗಳ ಉದ್ದ ಕೊಂಬೆಯನ್ನು ಬುಡಕ್ಕೆ ಎಳೆದುಕೊಂಡಿತ್ತು.

ಬಯಲಾದದ್ದು ಬೇರೆ ಜೀನ್‌ಗಳನ್ನು ಓದಿದಾಗ. 1990ರ ದಶಕದ ಕೊನೆಯ ಹೊತ್ತಿಗೆ ಟ್ಯೂಬ್ಯುಲಿನ್‌ನಂಥ ಜೀನ್‌ಗಳು ಮೈಕ್ರೊಸ್ಪೊರಿಡಿಯಾವನ್ನು ಶಿಲೀಂಧ್ರಗಳ ಪಕ್ಕಕ್ಕೆ ತಂದವು. 1997ರಲ್ಲಿ ಮೈಟೊಕಾಂಡ್ರಿಯಾದ ಜೊತೆ ಬಂದ ಎಚ್‌ಎಸ್‌ಪಿ70 ಎಂಬ ಜೀನ್ ಇವುಗಳಲ್ಲೂ ಸಿಕ್ಕಿತು. 2002ರಲ್ಲಿ ಮೈಕ್ರೊಸ್ಪೊರಿಡಿಯಾದೊಳಗೆ, 2003ರಲ್ಲಿ ಜಿಯಾರ್ಡಿಯಾದೊಳಗೆ ಮೈಟೊಕಾಂಡ್ರಿಯಾದ ಪಳೆಯುಳಿಕೆಯಂತಹ ಪುಟ್ಟ ಚೀಲ ಕಂಡಿತು. ಮೈಟೊಸೋಮ್ ಅಂತ ಅದರ ಹೆಸರು. ಅಂದರೆ ಇವು ಮೊದಲಿನಿಂದಲೂ ಸರಳವಾಗಿದ್ದ ಜೀವಿಗಳಲ್ಲ. ಬೇರೆಯವರ ಮನೆಯಲ್ಲಿ ಊಟ ಸಿಗುವಾಗ ಅಡುಗೆಮನೆ ಯಾಕೆ ಅಂತ ಸಾಮಾನು ಮಾರಿಕೊಂಡವು. ನಿಜಕ್ಕೂ ಮೈಟೊಕಾಂಡ್ರಿಯಾದ ಕುರುಹೇ ಇಲ್ಲದ ಒಂದು ಜೀವಿ, ಮಾನೊಸರ್ಕೊಮೊನಾಯ್ಡಿಸ್, 2016ರಲ್ಲಿ ವರದಿಯಾಯಿತು. ಅದರ ಪೂರ್ವಜರಿಗೂ ಮೈಟೊಕಾಂಡ್ರಿಯಾ ಇತ್ತು, ಆಮೇಲೆ ಕಳೆದುಕೊಂಡದ್ದು.

ಹೀಗೆ ಎರಡು ರೋಗ ಜಾಗ ಅದಲುಬದಲು ಮಾಡಿಕೊಂಡವು. ಅಡಿಕೆಯದ್ದು ಶಿಲೀಂಧ್ರದಿಂದ ಹೊರಗೆ, ರೇಷ್ಮೆಯದ್ದು ಶಿಲೀಂಧ್ರದ ಹತ್ತಿರಕ್ಕೆ. ಹಳೆಯ ಚಿತ್ರದಲ್ಲಿ ಜಿಯಾರ್ಡಿಯಾ, ಮೈಕ್ರೊಸ್ಪೊರಿಡಿಯಾ ಬುಡದಲ್ಲಿದ್ದರೆ ಪುಸ್ತಕದ ಇಸವಿ ನೋಡಿ. ಈಗ ಒಂದು ಜೀನ್ ನಂಬಿ ಮರ ಬರೆಯುವುದಿಲ್ಲ, ನೂರಾರು ಜೀನ್ ಜೋಡಿಸುತ್ತಾರೆ.

ಪ್ರಭೇದದ ಮಟ್ಟದಲ್ಲಿ

ಇದು ಚಿಕ್ಕದು. ಮಲೇಷಿಯಾದ ಸರವಾಕ್‌ನಲ್ಲಿ ಸೂಕ್ಷ್ಮದರ್ಶಕದಲ್ಲಿ 'ಪ್ಲಾಸ್ಮೋಡಿಯಂ ಮಲೇರಿಯೆ' ಎಂದು ಕಂಡ ಮಲೇರಿಯಾ ಯಾಕೋ ಆ ಪ್ರಭೇದಕ್ಕೆ ತಕ್ಕಂತೆ ನಡೆಯುತ್ತಿರಲಿಲ್ಲ. ಬಲ್ಬೀರ್ ಸಿಂಗ್ ತಂಡ ಪಿಸಿಆರ್ ಮಾಡಿ 2004ರಲ್ಲಿ ವರದಿ ಮಾಡಿತು: ಅದು ಕೋತಿಗಳ ಪರಾವಲಂಬಿ ಪ್ಲಾಸ್ಮೋಡಿಯಂ ನೋಲೆಸಿ. ಮಲೇರಿಯೆ 72 ಗಂಟೆಗೊಮ್ಮೆ ಹೆಚ್ಚಿಕೊಂಡರೆ ಇದು 24 ಗಂಟೆಗೇ. ಹೆಸರು ತಪ್ಪಿದರೆ ಜೀವಕ್ಕೇ ಅಪಾಯ.

ನೀರಿನಿಂದಲೇ ಡಿಎನ್‌ಎ

ಇಲ್ಲಿಯವರೆಗೆ ಹೇಳಿದ್ದೆಲ್ಲ ಜೀವಿಯನ್ನು ಹಿಡಿದು ಜೀನ್ ಓದಿದ ಕತೆ. ಹಿಡಿಯಲು ಆಗದವುಗಳ ಗತಿ? ಸಮುದ್ರದ ನೀರನ್ನು ಸೋಸಿ, ಜರಡಿಯಲ್ಲಿ ಉಳಿದ ಎಲ್ಲ ಕೋಶಗಳ ಡಿಎನ್‌ಎ ಒಟ್ಟಿಗೇ ತೆಗೆದು 18ಎಸ್ ಓದಿದರಾಯಿತು. 2001ರಲ್ಲಿ ಎರಡು ತಂಡಗಳು ಹೀಗೆ ಮಾಡಿದವು, ಒಂದು ಪೆಸಿಫಿಕ್‌ನಲ್ಲಿ, ಇನ್ನೊಂದು ಅಂಟಾರ್ಕ್ಟಿಕಾದ ಆಳ ನೀರಿನಲ್ಲಿ. ಕೆಲವೇ ಮೈಕ್ರಾನ್ ಗಾತ್ರದ, ಯಾರೂ ಹೆಸರಿಡದ ಗುಂಪುಗಳು ಸಾಲಾಗಿ ಬಂದವು.

ಆಮೇಲೆ ತಾರಾ ಎಂಬ ಹಾಯಿಹಡಗು 2009ರಿಂದ 2013ರವರೆಗೆ ಸಾಗರಗಳನ್ನು ಸುತ್ತಿತು. 2015ರಲ್ಲಿ ಬಂದ ಫಲಿತಾಂಶದಲ್ಲಿ 47 ತಾಣಗಳ 334 ಮಾದರಿಗಳ ವಿ9 ತುಣುಕುಗಳನ್ನು ಓದಿದ್ದರು. ಬೆಳಕು ಬೀಳುವ ಮೇಲ್ಪದರದಲ್ಲೇ ಸುಮಾರು 1,50,000 ಬಗೆ ಇರಬಹುದು ಅನ್ನುವುದು ಅವರ ಅಂದಾಜು. ಅದರಲ್ಲಿ ಮೂರನೇ ಒಂದು ಭಾಗ ಗೊತ್ತಿದ್ದ ಯಾವ ಗುಂಪಿಗೂ ಸೇರಲಿಲ್ಲ. ಹೆಚ್ಚಿನ ವೈವಿಧ್ಯ ಪ್ರೋಟಿಸ್ಟ್‌ಗಳದ್ದೇ. ಅಲ್ಲಿಯವರೆಗೆ ಯಾರೂ ಅಷ್ಟಾಗಿ ಲೆಕ್ಕಕ್ಕಿಡದ ಡಿಪ್ಲೊನೆಮಿಡ್ ಎಂಬ ಒಂಟಿಕೋಶದ ಪ್ರೋಟಿಸ್ಟ್‌ಗಳು ಸಾವಿರಾರು ಬಗೆಯಲ್ಲಿ ಕಂಡವು.

ಈ ಅಂಕಿ ಓದುವಾಗ ಒಂದು ಎಚ್ಚರ. ಡಿಎನ್‌ಎ ತುಣುಕು ಜಾಸ್ತಿ ಸಿಕ್ಕಿತು ಅಂದರೆ ಜೀವಿ ಜಾಸ್ತಿ ಇದೆ ಅಂತಲ್ಲ. ಕೆಲವು ಪ್ರಭೇದದ ಒಂದು ಕೋಶದಲ್ಲಿ 18ಎಸ್‌ನ ಬೆರಳೆಣಿಕೆಯ ಪ್ರತಿ, ಡೈನೋಫ್ಲಾಜೆಲೇಟ್ ಎಂಬ ಚಾವಟಿಯಿರುವ ಪ್ರೋಟಿಸ್ಟ್‌ಗಳಲ್ಲಿ ಕೆಲವಕ್ಕೆ ಸಾವಿರಗಟ್ಟಲೆ. ತಲೆ ಎಣಿಸಲು ಹೋಗಿ ತಲೆಗೂದಲು ಎಣಿಸಿದ ಹಾಗೆ. ಪ್ರೈಮರ್ ಹೊಂದದ ಜೀವಿ ಪಟ್ಟಿಗೇ ಬರುವುದಿಲ್ಲ. ಸತ್ತ ಕೋಶದ ಡಿಎನ್‌ಎ ಬಂದರೂ ಬರಬಹುದು.

ಇನ್ನು ಸಿಕ್ಕಿದ ಅಕ್ಷರಮಾಲೆಗೆ ಮುಖ ಯಾವುದು? ಅದಕ್ಕೆ ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕೂರಬೇಕು. ಕೆನಡಾದ ನೋವಾ ಸ್ಕೋಷಿಯಾದಲ್ಲಿ ವಿದ್ಯಾರ್ಥಿನಿಯೊಬ್ಬರು ಚಾರಣಕ್ಕೆ ಹೋದಾಗ ಒಂದಿಷ್ಟು ಮಣ್ಣು ತಂದರು. ನೀರು ಹಾಕಿ ವಾರಗಟ್ಟಲೆ ಇಟ್ಟು ನೋಡುತ್ತಿದ್ದಾಗ ಮೈತುಂಬ ಚಾವಟಿ ಇರುವ ಹೆಮಿಮ್ಯಾಸ್ಟಿಗೊಫೋರಾ ಕಂಡಿತು. ಈ ಬಳಗದ ಚಿತ್ರ ಹತ್ತೊಂಬತ್ತನೇ ಶತಮಾನದಿಂದಲೇ ಇತ್ತು, ಡಿಎನ್‌ಎ ಮಾತ್ರ ಯಾರ ಹತ್ತಿರವೂ ಇರಲಿಲ್ಲ. ಕೋಶಗಳನ್ನು ಒಂದೊಂದಾಗಿ ಹೆಕ್ಕಿ, ಮುನ್ನೂರಕ್ಕೂ ಹೆಚ್ಚು ಜೀನ್ ಹೋಲಿಸಿ ನೋಡಿದರೆ ಅದು ಪ್ರಾಣಿ, ಗಿಡ, ಶಿಲೀಂಧ್ರ, ಪಾಚಿ ಯಾರ ಕೊಂಬೆಗೂ ಸೇರದೆ ತನ್ನದೇ ದೊಡ್ಡ ಕೊಂಬೆಯಾಗಿ ನಿಂತಿತು. 2018ರಲ್ಲಿ ವರದಿಯಾಯಿತು. ಮಣ್ಣಿನಲ್ಲಿ ಸಿಕ್ಕಿದ ಹೊಸ ಪ್ರಭೇದ ಬೇಟೆಗಾರನಾದ್ದರಿಂದ ಅಲ್ಲಿನ ಮೂಲನಿವಾಸಿ ಮಿಕ್‌ಮಾ ಜನರ ಕತೆಗಳಲ್ಲಿ ಬರುವ, ಮೈತುಂಬ ಕೂದಲಿರುವ ಹೊಟ್ಟೆಬಾಕ ರಕ್ಕಸ ಕುಕ್ವೆಸ್‌ನ ಹೆಸರನ್ನೇ ಅದಕ್ಕೆ ಇಟ್ಟರು.