ನರಕ್ಕೂ ಪುರುಸೊತ್ತು ಬೇಕು

ರಕ್ತದಲ್ಲಿ ಕಬ್ಬಿಣವಿದೆ, ಅಯಸ್ಕಾಂತದ ಕಡಗ ತೊಟ್ಟರೆ ಆ ಕಬ್ಬಿಣ ಸೆಳೆತಕ್ಕೆ ಸಿಕ್ಕಿ ರಕ್ತಸಂಚಾರ ಚುರುಕಾಗುತ್ತದೆ ಎಂಬ ಮಾತು ಎಷ್ಟು ಅಲ್ಲಗಳೆದರೂ ಮತ್ತೆ ತಲೆ ಎತ್ತುತ್ತದೆ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನ ಕಬ್ಬಿಣ ಮೊಳೆಯ ಕಬ್ಬಿಣದಂತೆ ವರ್ತಿಸುವುದಿಲ್ಲ. 1936ರಲ್ಲೇ ರಸಾಯನವಿಜ್ಞಾನಿಗಳಾದ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಇದನ್ನು ಅಳೆದು ತೋರಿಸಿದರು: ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಅಯಸ್ಕಾಂತದಿಂದ ತುಸು ದೂರ ಸರಿಯುತ್ತದೆ, ಆಮ್ಲಜನಕ ಕಳಚಿಕೊಂಡದ್ದು ತುಸು ಹತ್ತಿರ ಬರುತ್ತದೆ. ಎರಡೂ ಬಲಗಳು ತೀರಾ ಕ್ಷೀಣ. ಆಸ್ಪತ್ರೆಯ ಎಂಆರ್‌ಐ ಯಂತ್ರದ 1.5 ಟೆಸ್ಲಾ (ಕಾಂತಕ್ಷೇತ್ರದ ಅಳತೆ) ಕ್ಷೇತ್ರ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು. ಅದರೊಳಗೆ ಮಲಗಿದವರ ರಕ್ತವೂ ಎಂದಿನಂತೆಯೇ ಹರಿಯುತ್ತದೆ. ಇನ್ನು ಕಡಗ ಏನು ಮಾಡೀತು?

ಹಾಗೆಂದು ವಿದ್ಯುತ್ಕಾಂತೀಯ ಕ್ಷೇತ್ರ ದೇಹವನ್ನು ಮುಟ್ಟುವುದೇ ಇಲ್ಲ ಎನ್ನುವುದೂ ಸರಿಯಲ್ಲ. ಕ್ಷೇತ್ರ ಎಷ್ಟು ಪ್ರಬಲ ಎಂದು ಕೇಳುವವರು, ಅದು ಎಷ್ಟು ಬೇಗ ಬದಲಾಗುತ್ತದೆ ಎಂದೂ ಕೇಳಬೇಕು. ಇಡೀ ವಿಷಯದ ಸೊಗಸು ಇಲ್ಲೇ ಇದೆ.

ಬದಲಾಗುವ ಕಾಂತಕ್ಷೇತ್ರ ವಿದ್ಯುತ್ತನ್ನು ಹುಟ್ಟಿಸುತ್ತದೆ. ಇದು 1831ರ ಫ್ಯಾರಡೆ ಶೋಧ. ದೇಹವಾದರೋ ಉಪ್ಪುನೀರು ತುಂಬಿದ ವಾಹಕ. ನರಕೋಶದ ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರ್, ಅದರ ಒಳಹೊರಗಿನ ವಿದ್ಯುತ್ ವ್ಯತ್ಯಾಸ ಸುಮಾರು 70 ಮಿಲಿವೋಲ್ಟ್. ಭಾಗಿಸಿ ನೋಡಿ: ಮೀಟರಿಗೆ ಒಂದು ಕೋಟಿ ವೋಲ್ಟ್ ಮೀರಿದ ಕ್ಷೇತ್ರ! ಈ ವ್ಯತ್ಯಾಸ ಹತ್ತಿಪ್ಪತ್ತು ಮಿಲಿವೋಲ್ಟ್ ಕುಗ್ಗಿದರೆ ಸಾಕು, ಪೊರೆಯಲ್ಲಿರುವ ಸೋಡಿಯಂ ದ್ವಾರಗಳು ತೆರೆದು ನರ ಮಿಡಿಯುತ್ತದೆ. ತಲೆಯ ಸುತ್ತ ಕಾಂತಕ್ಷೇತ್ರ ಏರಿಳಿದರೆ ಕಣ್ಣಲ್ಲಿ ಬೆಳಕು ಮಿಣುಕುತ್ತದೆ ಎಂದು 1896ರಲ್ಲಿ ಫ್ರಾನ್ಸಿನ ಆರ್ಸೆನ್ ದಾರ್ಸೊನ್ವಾಲ್ ವರದಿ ಮಾಡಿದರು. 1985ರಲ್ಲಿ ಶೆಫೀಲ್ಡ್‌ನ ಆಂಟನಿ ಬಾರ್ಕರ್ ತಂಡ ನೆತ್ತಿಯ ಮೇಲಿಟ್ಟ ಸುರುಳಿಯಿಂದ ಕಾಂತಸ್ಪಂದ ಹಾಯಿಸಿ, ಚರ್ಮವನ್ನು ಕೆರೆಯದೆಯೇ ಮಿದುಳನ್ನು ಪ್ರಚೋದಿಸಿ ಕೈಯ ಸ್ನಾಯುಗಳನ್ನು ಮಿಡುಕಿಸಿತು. ಇಂದು ಅದೇ ವಿಧಾನ ಖಿನ್ನತೆಗೆ ಚಿಕಿತ್ಸೆ.

ದಾರ್ಸೊನ್ವಾಲ್ ಇನ್ನೊಂದನ್ನೂ ಕಂಡಿದ್ದರು. ವಿದ್ಯುತ್ತಿನ ಆವರ್ತನ, ಅಂದರೆ ಅದು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬ ಲೆಕ್ಕ, ಏರುತ್ತ ಹೋದಂತೆ ಸ್ನಾಯುಗಳ ಸೆಳೆತ ಕುಗ್ಗಿ, ಕೊನೆಗೆ ನಿಂತೇ ಹೋಗುತ್ತದೆ, ಬೆಚ್ಚಗಾಗುವುದಷ್ಟೇ ಉಳಿಯುತ್ತದೆ. ಏಕೆಂದರೆ ಸೋಡಿಯಂ ದ್ವಾರಗಳು ತೆರೆಯಲು ಮಿಲಿಸೆಕೆಂಡಿನ ಒಂದಷ್ಟು ಭಾಗವಾದರೂ ಬೇಕು. 900 ಮೆಗಾಹರ್ಟ್ಸ್‌ನ ಮೊಬೈಲ್ ತರಂಗ ಸೆಕೆಂಡಿಗೆ 180 ಕೋಟಿ ಬಾರಿ ದಿಕ್ಕು ಬದಲಿಸುತ್ತದೆ. ಭಾರದ ಬಾಗಿಲನ್ನು ದೂಡಿದ ಕ್ಷಣವೇ ಅಷ್ಟೇ ಬಲದಿಂದ ಹಿಂದಕ್ಕೆ ಎಳೆದರೆ ಅದು ಕದಲುವುದಾದರೂ ಹೇಗೆ?

ನರವನ್ನು ಎಬ್ಬಿಸಲಾರದ ಈ ತರಂಗ ನೀರಿನ ಅಣುಗಳನ್ನು ಅಲುಗಿಸಿ ಬಿಸಿ ಮಾಡಬಲ್ಲದು. ಇಡೀ ದೇಹ ಕಿಲೋಗ್ರಾಂಗೆ 4 ವ್ಯಾಟ್‌ನಂತೆ ಹೀರಿಕೊಂಡರೆ ಅರ್ಧ ಗಂಟೆಯಲ್ಲಿ ಮೈಯ ಉಷ್ಣತೆ ಸುಮಾರು 1 ಡಿಗ್ರಿ ಏರುತ್ತದೆ. ಸಾರ್ವಜನಿಕರಿಗೆ ಹಾಕಿರುವ ಅಂತರರಾಷ್ಟ್ರೀಯ ಮಿತಿ ಅದರ ಐವತ್ತನೇ ಒಂದು ಭಾಗ, 0.08 ವ್ಯಾಟ್. ಸುಮ್ಮನೆ ಕುಳಿತ ದೇಹ ತಾನೇ ಕಿಲೋಗ್ರಾಂಗೆ 1 ವ್ಯಾಟಿಗಿಂತ ಹೆಚ್ಚು ಶಾಖವನ್ನು ಹುಟ್ಟಿಸುತ್ತದೆ.

ಕ್ಯಾನ್ಸರಿನ ಭಯದ ಲೆಕ್ಕ ಬೇರೆ: ತರಂಗ ಕೋಶದ ಡಿಎನ್‌ಎಯ ಬಂಧಗಳನ್ನು ಮುರಿದೀತು ಎಂಬುದು ಆ ಭಯ. ತರಂಗದ ಶಕ್ತಿ ಚೂರುಚೂರಾಗಿ ತಲುಪುತ್ತದೆ ಎಂದು 1905ರಲ್ಲಿ ಐನ್‌ಸ್ಟೈನ್ ವಾದಿಸಿದರು. ಆವರ್ತನ ಹೆಚ್ಚಿದಷ್ಟೂ ಚೂರು ದೊಡ್ಡದು. ಎರಡು ಇಂಗಾಲದ ಪರಮಾಣುಗಳ ನಡುವಿನ ಬಂಧ ಮುರಿಯಲು ಸುಮಾರು 3.6 ಎಲೆಕ್ಟ್ರಾನ್ ವೋಲ್ಟ್ (ಅಣು-ಪರಮಾಣುಗಳ ಶಕ್ತಿಯ ಅಳತೆ) ಬೇಕು. 900 ಮೆಗಾಹರ್ಟ್ಸ್‌ನ ಚೂರಿನಲ್ಲಿರುವುದು ಅದರ ಹತ್ತು ಲಕ್ಷದ ಒಂದು ಭಾಗದಷ್ಟೇ. ಅಂಥ ಚೂರುಗಳು ಎಷ್ಟು ಬಂದರೂ ಮೈ ಕಾಯಿಸುತ್ತವೆ, ಬಂಧ ಮುರಿಯುವುದಿಲ್ಲ. ಆ ಹೊಸ್ತಿಲು ದಾಟುವುದು ಬಿಸಿಲಿನ ನೇರಳಾತೀತ ಕಿರಣ. ಮೊಬೈಲ್ ಟವರಿಗೆ ಹೆದರುವವರು ನಡುಹಗಲ ಬಿಸಿಲಿಗೆ ಹೆದರದಿರುವುದು ನನ್ನನ್ನು ಕಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೊ ತರಂಗಗಳನ್ನು ಕ್ಯಾನ್ಸರ್ ತರಬಹುದಾದವುಗಳ ‘2ಬಿ’ ಗುಂಪಿಗೆ ಸೇರಿಸಿದ್ದು ನಿಜ. ಆದರೆ ಆ ವಿಂಗಡಣೆ ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತದೆ, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ.

ತರಂಗಗಳಿಂದ ತಲೆನೋವು ಬರುತ್ತದೆ ಎನ್ನುವವರ ನೋವು ಸುಳ್ಳಲ್ಲ. ಆದರೂ ಕ್ಷೇತ್ರ ಇದೆಯೋ ಇಲ್ಲವೋ ಎಂದು ತಿಳಿಸದೆ ನಡೆಸಿದ ಪರೀಕ್ಷೆಗಳಲ್ಲಿ ಅವರಿಗೆ ಅದನ್ನು ಗುರುತಿಸಲಾಗಿಲ್ಲ. ಇದೆ ಎಂದು ನಂಬಿದಾಗ ನೋವು ಕಾಣಿಸಿಕೊಂಡಿತು. 1784ರಲ್ಲಿ ಪ್ಯಾರಿಸಿನಲ್ಲಿ ವೈದ್ಯ ಮೆಸ್ಮರನ ಕಾಂತಚಿಕಿತ್ಸೆಯ ತತ್ವವನ್ನು ಬೆಂಜಮಿನ್ ಫ್ರಾಂಕ್ಲಿನ್, ರಸಾಯನವಿಜ್ಞಾನಿ ಲವಾಸಿಯೆ ಇದ್ದ ಆಯೋಗ ಪರೀಕ್ಷಿಸಿದ್ದೂ ಕಣ್ಣು ಕಟ್ಟಿಯೇ, ಕಂಡದ್ದೂ ಇದನ್ನೇ. ಟವರಿನ ಮೇಲೆ ತಪ್ಪು ಹೊರಿಸಿ ಸುಮ್ಮನಾದರೆ ಆ ತಲೆನೋವಿನ ನಿಜವಾದ ಕಾರಣವನ್ನು ಯಾರೂ ಹುಡುಕುವುದಿಲ್ಲ.

ಎಚ್ಚರ ಬೇಕಾದವರು ಹೃದಯ ಬಡಿತವನ್ನು ಕ್ರಮದಲ್ಲಿಡುವ ಪೇಸ್‌ಮೇಕರ್ ಹಾಕಿಸಿಕೊಂಡವರು. ಕೆಲವು ಮೊಬೈಲುಗಳಲ್ಲಿರುವ ಅಯಸ್ಕಾಂತ ಹತ್ತಿರವಿದ್ದಷ್ಟು ಹೊತ್ತು ಆ ಸಾಧನ ಕೆಲಸ ಮಾಡುವ ರೀತಿಯನ್ನೇ ಬದಲಿಸಬಲ್ಲದು. ಅವರು ಮೊಬೈಲನ್ನು ಎದೆಯ ಜೇಬಿನಲ್ಲಿಡದೆ ಕನಿಷ್ಠ 15 ಸೆಂಟಿಮೀಟರ್ ದೂರದಲ್ಲಿಡಬೇಕು.