ಔಷಧಿ ಲಿಗ್ಯಾಂಡೋ, ತಾಮ್ರವೋ?

ಹಿಂದೆ ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯಕ್ಕೆ ಕೊಡುತ್ತಿದ್ದ ಅಗ್ಗದ ಮಾತ್ರೆಗಳಲ್ಲಿ ಐಸೋನಿಯಾಜಿಡ್ ಜೊತೆ ಥಯಾಸಿಟಜೋನ್ ಕೂಡ ಇರುತ್ತಿತ್ತು. 1959ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ರೂಪಿಸಿದ ದೇಶವ್ಯಾಪಿ ಕಾರ್ಯಕ್ರಮದಲ್ಲೂ ಈ ಜೋಡಿಗೆ ಜಾಗವಿತ್ತು. ಚರ್ಮ ಸುಲಿಯುವಂಥ ಅಡ್ಡಪರಿಣಾಮ, ಅದರಲ್ಲೂ ಎಚ್‌ಐವಿ ಇದ್ದವರಲ್ಲಿ, ಜಾಸ್ತಿ ಕಂಡದ್ದರಿಂದ ಥಯಾಸಿಟಜೋನ್ ಮೂಲೆಗೆ ಸರಿಯಿತು. ಅದರ ದಾಯಾದಿಗಳನ್ನು ಮಾತ್ರ ನಮ್ಮ ಕೆಮಿಸ್ಟ್ರಿ ಲ್ಯಾಬ್‌ಗಳು ಇವತ್ತಿಗೂ ಮಾಡುತ್ತಲೇ ಇವೆ.

ಈ ವಂಶದ ಹೆಸರು ಥಯೋಸೆಮಿಕಾರ್ಬಜೋನ್. ಇವು ಕ್ಷಯದ ಮೇಲೆ ಕೆಲಸ ಮಾಡುತ್ತವೆ ಎಂದು 1946ರಲ್ಲಿ ಹೇಳಿದ್ದು ಜರ್ಮನಿಯ ಗೆರ್ಹಾರ್ಡ್ ಡೊಮಾಕ್ ತಂಡ. ಸಲ್ಫಾ ಔಷಧಿಗೆ ನೊಬೆಲ್ ಗೆದ್ದ ಅದೇ ಡೊಮಾಕ್. ಆಗ ಎಲ್ಲರ ಗಮನ ಸಾವಯವ ಅಣುವಿನ ಮೇಲಿತ್ತು, ಲೋಹದ ಮಾತೇ ಇರಲಿಲ್ಲ. ಆದರೆ ಅಣುವಿನ ಒಂದು ನೈಟ್ರೋಜನ್, ಒಂದು ಸಲ್ಫರ್ ಸೇರಿ ಲೋಹವನ್ನು ಇಕ್ಕಳದ ಹಾಗೆ ಹಿಡಿಯುತ್ತವೆ. ಹೀಗೆ ಲೋಹ ಹಿಡಿಯುವ ಅಣುವೇ ಲಿಗ್ಯಾಂಡ್, ಲೋಹದ ಜೊತೆ ಸೇರಿದ್ದು ಸಂಕೀರ್ಣ. ತಾಮ್ರ ಸಿಕ್ಕಿದರಂತೂ ಬಿಡುವುದೇ ಇಲ್ಲ. ಪ್ರಯೋಗದಲ್ಲಿ ತಾಮ್ರ ಬೆರೆಸಿದರೆ ಔಷಧಿಯ ಪ್ರಭಾವ ಹೆಚ್ಚುತ್ತದೆ ಎಂಬುದು ಕೆಲವೇ ವರ್ಷಗಳಲ್ಲಿ ಗೊತ್ತಾಯಿತು.

ಸಂಗತಿ ಚೆನ್ನಾಗಿ ಬಯಲಾದದ್ದು 1960ರ ದಶಕದಲ್ಲಿ, ಅಮೆರಿಕದಲ್ಲಿ. ಕೆಟಿಎಸ್ ಎಂಬ ಬಿಸ್-ಥಯೋಸೆಮಿಕಾರ್ಬಜೋನನ್ನು (ಒಂದೇ ಅಣುವಿನಲ್ಲಿ ಅಂಥ ಎರಡು ತುಂಡು ಇರುವುದು) ಗಡ್ಡೆ ಇದ್ದ ಇಲಿಗಳಿಗೆ ಕೊಟ್ಟು ನೋಡುತ್ತಿದ್ದರು. ಅದು ಎಷ್ಟು ಕೆಲಸ ಮಾಡುತ್ತದೆ ಎಂಬುದು ಇಲಿಯ ಮೇವಿನಲ್ಲಿ ತಾಮ್ರ ಎಷ್ಟಿದೆ ಎಂಬುದರ ಮೇಲೆ ನಿಂತಿತ್ತು! ಕೊನೆಗೆ ಪೀಟರಿಂಗ್ ಮತ್ತು ಸಂಗಡಿಗರು ತಾಮ್ರದ ಸಂಕೀರ್ಣವನ್ನೇ ತಯಾರಿಸಿ ಪರೀಕ್ಷಿಸಿದರು. ಕೋಶದೊಳಕ್ಕೆ ತಾಮ್ರವನ್ನು ಹೊತ್ತು ತರುವುದೇ ಕೆಟಿಎಸ್‌ನ ಕೆಲಸ ಎಂಬ ವಿಚಾರ ಬಲವಾಯಿತು. ನನ್ನ ಪ್ರಕಾರ ಈ ಕ್ಷೇತ್ರದ ಅಸಲಿ ತಿರುವು ಇದೇ.

ಇನ್ನು ನಮ್ಮ ಲ್ಯಾಬ್. ಆಲ್ಡಿಹೈಡ್, ಥಯೋಸೆಮಿಕಾರ್ಬಜೈಡ್ ಎರಡನ್ನೂ ಎಥನಾಲ್‌ನಲ್ಲಿ ಹಾಕಿ, ಎರಡು ಹನಿ ಅಸಿಟಿಕ್ ಆಮ್ಲ ಬಿಟ್ಟು, ಕೆಲವು ಗಂಟೆ ರಿಫ್ಲಕ್ಸ್ ಮಾಡಿದರೆ (ಆವಿ ತಣಿದು ಮತ್ತೆ ಒಳಗೇ ಬೀಳುವ ಹಾಗೆ ಕುದಿಸಿದರೆ) ಲಿಗ್ಯಾಂಡ್ ರೆಡಿ. ಅದರ ಬಿಸಿ ದ್ರಾವಣಕ್ಕೆ ತಾಮ್ರದ ಲವಣ ಸುರಿದರೆ ಬಣ್ಣ ತಟ್ಟನೆ ಹಸಿರಿಗೋ ಕಂದಿಗೋ ತಿರುಗುತ್ತದೆ. ಸೋಸಿ, ತೊಳೆದು, ಡೆಸಿಕೇಟರ್‌ನಲ್ಲಿ ಒಣಗಿಸುತ್ತಾರೆ. ಸಲ್ಫರ್ ಲೋಹಕ್ಕೆ ಕಟ್ಟಿಕೊಂಡಿದೆಯೇ ಎಂಬುದಕ್ಕೆ ಐಆರ್ (ಇನ್ಫ್ರಾರೆಡ್) ರೋಹಿತದಲ್ಲಿ ಕಾರ್ಬನ್-ಸಲ್ಫರ್ ಪಟ್ಟಿ ಸರಿದಿದೆಯೇ ಎಂದು ನೋಡುತ್ತಾರೆ. ಇಷ್ಟರವರೆಗೆ ಕೆಲಸ ಅಚ್ಚುಕಟ್ಟು.

ಎಡವಟ್ಟು ಶುರುವಾಗುವುದು ಪರೀಕ್ಷೆಯಲ್ಲಿ. ಸಂಕೀರ್ಣವನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ, ಬ್ಯಾಕ್ಟೀರಿಯಾ ಹರಡಿದ ಅಗರ್ ತಟ್ಟೆಯಲ್ಲಿ ಕೊರೆದ ಪುಟ್ಟ ಗುಳಿಗೆ ಹಾಕಿ, 37 ಡಿಗ್ರಿಯಲ್ಲಿ ಒಂದು ದಿನ ಇಡುತ್ತಾರೆ. ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತವನ್ನು ಮಿಲಿಮೀಟರ್‌ನಲ್ಲಿ ಅಳೆಯುತ್ತಾರೆ. ಲಿಗ್ಯಾಂಡ್‌ಗಿಂತ ಸಂಕೀರ್ಣದ ವೃತ್ತ ದೊಡ್ಡದಿದ್ದರೆ ಟ್ವೀಡಿಯ ಕೀಲೇಶನ್ ಸಿದ್ಧಾಂತ (ಲಿಗ್ಯಾಂಡ್ ಹಿಡಿದ ಲೋಹ ಕೋಶದ ಕೊಬ್ಬಿನ ಪೊರೆಯನ್ನು ಸುಲಭವಾಗಿ ದಾಟುತ್ತದೆ ಎಂಬ ವಾದ) ಎಂದು ಒಂದು ಸಾಲು ಬರೆದು ಮುಗಿಸುತ್ತಾರೆ. ಥೀಸಿಸ್ ಓದಿದವರಿಗೆ ಆ ಸಾಲು ಬಾಯಿಪಾಠ, ಅಲ್ವಾ? ಆದರೆ ತಾಮ್ರದ ಲವಣವೇ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಅದನ್ನು ಪಕ್ಕದ ಗುಳಿಯಲ್ಲಿ ಇಟ್ಟು ಹೋಲಿಸದಿದ್ದರೆ ಯಾರ ಕೆಲಸ ಯಾರದು ಎಂದು ಹೇಳುವುದು ಹೇಗೆ? ಇನ್ನು ನೀರಲ್ಲಿ ಕರಗದ ಸಂಕೀರ್ಣ ಅಗರ್‌ನಲ್ಲಿ ದೂರ ಹರಡುವುದೇ ಇಲ್ಲ. ವೃತ್ತ ಚಿಕ್ಕದು ಅಂದಮಾತ್ರಕ್ಕೆ ಔಷಧಿ ದುರ್ಬಲ ಎನ್ನುವ ಹಾಗೂ ಇಲ್ಲ. ಎಷ್ಟು ಕಡಿಮೆ ಸಾಂದ್ರತೆಗೆ ಬೆಳವಣಿಗೆ ನಿಲ್ಲುತ್ತದೆ ಎಂದು ದ್ರವ ಮಾಧ್ಯಮದಲ್ಲಿ ನೋಡುವುದೇ ವಾಸಿ.

ಕೋಶದೊಳಗೆ ಹೋದ ಮೇಲೆ ಲೋಹವನ್ನು ಬಿಟ್ಟುಕೊಡುವ ಗುಣವನ್ನೇ ಉಪಯೋಗಕ್ಕೆ ತಂದವರೂ ಇದ್ದಾರೆ. 1997ರಲ್ಲಿ ಜಪಾನಿನ ಫುಜಿಬಯಾಶಿ ತಂಡ ವಿಕಿರಣಶೀಲ ತಾಮ್ರವಿರುವ ಎಟಿಎಸ್‌ಎಮ್ (ಇದೂ ಒಂದು ಬಿಸ್-ಥಯೋಸೆಮಿಕಾರ್ಬಜೋನ್) ಸಂಕೀರ್ಣವನ್ನು ಪೆಟ್ ಸ್ಕ್ಯಾನ್‌ಗೆ ಮುಂದಿಟ್ಟಿತು. ಆಮ್ಲಜನಕ ಕಡಿಮೆ ಇರುವ ಕೋಶಗಳಲ್ಲಿ ತಾಮ್ರ ಅಪಕರ್ಷಣೆಗೊಂಡು (ಎಲೆಕ್ಟ್ರಾನ್ ಪಡೆದು) ಅಲ್ಲೇ ಉಳಿಯುತ್ತದೆ, ಉಳಿದ ಕಡೆ ಹೊರಟುಹೋಗುತ್ತದೆ. ಗಡ್ಡೆಯ ಯಾವ ಭಾಗ ಉಸಿರುಗಟ್ಟಿದೆ ಎಂಬುದು ಚಿತ್ರದಲ್ಲಿ ಕಾಣುತ್ತದೆ.

ಇದೇ ವಂಶದ ಇನ್ನೊಂದು ಅಣು ಟ್ರಯಪಿನ್ ಹಿಡಿಯುವುದು ಕಬ್ಬಿಣವನ್ನು. ಡಿಎನ್‌ಎ ತಯಾರಿಗೆ ಬೇಕಾದ ರೈಬೋನ್ಯೂಕ್ಲಿಯೋಟೈಡ್ ರಿಡಕ್ಟೇಸ್ ಎಂಬ ಕಿಣ್ವವನ್ನು ಅದು ತಡೆಯುತ್ತದೆ. ಕ್ಯಾನ್ಸರ್ ರೋಗಿಗಳ ಮೇಲಿನ ಪ್ರಯೋಗದವರೆಗೂ ಬಂತು. ಅಲ್ಲಿ ಎದುರಾದ ತೊಂದರೆಗಳಲ್ಲೊಂದು ಮೆಥೆಮೊಗ್ಲೋಬಿನ್: ರಕ್ತದ ಹಿಮೊಗ್ಲೋಬಿನ್‌ನಲ್ಲಿನ ಕಬ್ಬಿಣ ಆಕ್ಸಿಡೀಕರಣಗೊಂಡು ಆಮ್ಲಜನಕ ಹೊರಲಾರದೆ ಹೋಗುತ್ತದೆ. ಅಗರ್ ತಟ್ಟೆಯಲ್ಲಿ ಇದು ಕಾಣುವುದಿಲ್ಲ.